ಡುಮ್ಮಿಯ ಬಲಗಡೆಯ ತೇಪೆ

ಹಾಯಿದೋಣಿ ಕೊಳ್ಳಲು ಹೊರಟವರು ಮೊದಲು ದೋಣಿಗೆ ಮನಸೋಲುತ್ತಾರೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಸೂಜಿಯಕ್ಕ ಹಾಗೆ ಹೊರಟವಳಲ್ಲ. ಅವಳಿಗೆ ಬೇಕಾಗಿದ್ದದ್ದು ಆರಡಿ ಉದ್ದದ ಒಂದು ಮಟ್ಟಸವಾದ ಜಾಗ. ಅದರ ಸುತ್ತ ಒಂದು ದೋಣಿ ಇದ್ದರೆ ಆಯಿತು.

ಆ ಆರಡಿ ಅವಳ ಹೊಲಿಗೆ ಯಂತ್ರಕ್ಕೆ. ಬಂದರಿನ ದೋಣಿಗಳ ಹರಿದ ಹಾಯಿಗಳನ್ನು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದವಳಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಬಂದರಿನ ಅಧಿಕಾರಿಗೂ ಅವಳು ಸೂಜಿಯಕ್ಕ, ಅಧಿಕಾರಿಯ ಮೊಮ್ಮಗುವಿಗೂ ಸೂಜಿಯಕ್ಕ. ಕೆಳಗೆ ಹೊಲಿಗೆ ಅಂಗಡಿ, ಮರದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆಯ ಮನೆ. ಆ ಹಳೆಯ ಕಟ್ಟಡವನ್ನು ತಿಂಗಳ ಕೊನೆಗೆ ಕೆಡವುತ್ತೇವೆ ಎಂದು ಮಾಲೀಕರು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು.

"ಇನ್ನೊಂದು ಬಾಡಿಗೆ ಮನೆ, ಇನ್ನೊಬ್ಬ ಮಾಲೀಕ, ಮತ್ತೆ ಅದೇ ಗೋಳು ಯಾಕ್ರೀ? ದೋಣೀಲೇ ಇದ್ದುಬಿಡೋಣ," ಎಂದಳು ಅವಳು ಗಂಡನಿಗೆ.

ಗಂಡ ಫೆರಿಯ ಇಂಜಿನ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಆಗಷ್ಟೇ ನಿವೃತ್ತನಾದವನು. ಆಳು ಆರಡಿ ಮೂರಂಗುಲ, ಮಾತು ಮೂರೇ ಅಂಗುಲ. "ಹೂಂ, ಇರೋಣ. ಆದ್ರೆ ನಾನು ಬೆನ್ನು ನೆಟ್ಟಗೆ ಮಾಡಿ ನಿಲ್ಲೋ ಹಾಗಿರ್ಬೇಕು," ಎಂದ. ಎರಡು ನಿಮಿಷ ಬಿಟ್ಟು ಸೇರಿಸಿದ: "ಚಳಿಗಾಲ ಬಂದ್ರೆ ದಕ್ಷಿಣಕ್ಕೆ ದೂರ ಹೋಗ್ಬರೋ ಹಾಗೂ ಇರ್ಬೇಕು."

ಮೂರನೆಯ ಆಸೆ ಅವಳ ತಂಗಿಯದು. ತಂಗಿ ಫೆರಿಯ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಅವಳಿಗೆ ಬೇರೆ ಕೋಣೆಯಿದೆ, ದೋಣಿಯಲ್ಲಿ ಬಂದು ಇರುವ ಮಾತಿಲ್ಲ. ಆದರೆ ಅಕ್ಕತಂಗಿಯರಿಬ್ಬರೂ ಇಪ್ಪತ್ತು ವರ್ಷದಿಂದ ಭಾನುವಾರದ ಹಾಯಿದೋಣಿ ಪಂದ್ಯಗಳಲ್ಲಿ ಓಡಿದ್ದು ಬೇರೆಯವರ ದೋಣಿಯಲ್ಲಿ. 'ಹಗ್ಗ ಎಳಿ, ಹಗ್ಗ ಬಿಡು, ತಲೆ ಬಗ್ಗಿಸು' ಎಂದು ಬೈಸಿಕೊಳ್ಳುತ್ತ. "ಅಕ್ಕಾ, ಒಂದೇ ಒಂದು ಸಲ ನಮ್ಮದೇ ದೋಣೀಲಿ ನಾನು ಬೇರೆಯವರಿಗೆ ಬೈಬೇಕು," ಎನ್ನುತ್ತಿದ್ದಳು. "ಬೇರೆ ಯಾರೂ ಸಿಗದಿದ್ರೆ ಭಾವನಿಗಾದ್ರೂ."

ಹೀಗೆ ಮೂರು ಜನ, ಮೂರು ಆಸೆ. ಅವರ ಕೈಗೆಟುಕುವ ದೋಣಿಗಳು ಮಾತ್ರ ಎರಡೇ.

ಎರಡೂ ಬಣ್ಣದ ಮಾವನ ರಿಪೇರಿ ಯಾರ್ಡಿನ ಜೆಟ್ಟಿಗೆ ಅಕ್ಕಪಕ್ಕದಲ್ಲಿ ಕಟ್ಟಿ ನಿಂತಿದ್ದವು. ಬಣ್ಣದ ಮಾವ ಒಳ್ಳೆಯ ಮನುಷ್ಯ. ಅವನ ಒಂದೇ ಚಾಳಿಯೆಂದರೆ, ಲೋಕದ ಯಾವ ದೋಷಕ್ಕೂ ಎರಡು ಕೈ ಬಣ್ಣ ಬಳಿದರೆ ಪರಿಹಾರ ಉಂಟು ಎಂಬ ನಂಬಿಕೆ. ಅವನ ಕನ್ನಡಕದ ಕಡ್ಡಿಗೂ ಬಣ್ಣ, ಟೀ ಲೋಟಕ್ಕೂ ಬಣ್ಣ. ಯಾರ್ಡಿನ ಬೆಕ್ಕಿನ ಬಾಲದ ತುದಿ ವರ್ಷದಲ್ಲಿ ಆರು ತಿಂಗಳು ನೀಲಿ.

"ನನಗಿಂತ ಹತ್ತು ವರ್ಷ ಚಿಕ್ಕೋಳಾದ್ರೂ ನೀನು ನಂಗೂ ಅಕ್ಕಾನೇ, ಅದಕ್ಕೇ ಹೇಳ್ತೀನಿ," ಎಂದ ಅವನು. "ಎರಡೂ ಫೈಬರ್, ಎರಡೂ ಮೂವತ್ನಾಲ್ಕು ಅಡಿ, ಎರಡಕ್ಕೂ ಮೂವತ್ತೈದು ದಾಟಿದೆ. ಫೈಬರ್ ಅನ್ನೋದಕ್ಕೆ ಮುಪ್ಪಿಲ್ಲ. ಶನಿವಾರ ಬೇರೆಯವರು ನೋಡೋಕೆ ಬರ್ತಾರೆ. ಅದರೊಳಗೆ ಯಾವುದು ಅಂತ ನೀನು ಹೇಳ್ಬಿಡು. ಉಳಿದಿದ್ದು ಅವರಿಗೆ."

ಮುಪ್ಪಿಲ್ಲದ ಆ ಇಬ್ಬರಿಗೆ ತಂಗಿ ಅಲ್ಲೇ ನಿಂತು ಹೆಸರಿಟ್ಟಳು. ಕಿರಿದಾದ ಸೊಂಟ, ಎತ್ತರದ ಹಾಯಿಕಂಬ, ನಿಂತಲ್ಲೇ ಹಗ್ಗ ಜಗ್ಗುತ್ತಿದ್ದವಳು ಚುರುಕಿ. ಅಗಲವಾದ ಹೊಟ್ಟೆ ಹೊತ್ತು, ಅಲೆ ಬಂದರೂ ಅಲುಗಾಡದೆ ಕೂತಿದ್ದವಳು ಡುಮ್ಮಿ.

ಬುಧವಾರ ಬೆಳಿಗ್ಗೆ ಚುರುಕಿಯನ್ನು ಹೊರಗೆ ಒಯ್ದರು. ಹದವಾದ ಗಾಳಿ. ತಂಗಿ ಚುಕ್ಕಾಣಿ ಹಿಡಿದಳು. ಹಾಯಿ ಏರಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ದೋಣಿ ನೆಗೆಯಿತು. ಚುರುಕಿಯ ಹೊಟ್ಟೆಯಡಿಯಲ್ಲಿ ತೂಕಕ್ಕೆಂದು ಇಟ್ಟ ಸೀಸದ ಕೀಲ್ ಮೀನಿನ ಈಜುರೆಕ್ಕೆಯಂತೆ ಕಿರಿದಾಗಿ ಆಳಕ್ಕೆ ಇಳಿದಿತ್ತು. ಆದ್ದರಿಂದ ಅವಳು ನಿಂತ ಕಾಲಲ್ಲೇ ತಿರುಗುತ್ತಿದ್ದಳು. ದೂರದಲ್ಲಿ ಗುರುತಿಗೆಂದು ತೇಲಿಬಿಟ್ಟ ಕೆಂಪು ಬುರುಡೆಯನ್ನು ಸುತ್ತಿ ಬರಲು ಹಿಡಿದದ್ದು ನಲವತ್ತೆರಡು ನಿಮಿಷ.

"ನೋಡಿದ್ಯಾ ಅಕ್ಕಾ! ನೋಡಿದ್ಯಾ!" ಎಂದು ತಂಗಿ ಚುಕ್ಕಾಣಿ ಬಿಡದೆ ಕೂಗಿದಳು.

ಗಂಡ ಕೆಳಗಿದ್ದ. ಢಣ್ ಎಂದು ಒಂದು ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು. ನಾಲ್ಕನೆಯ ಸಲ ತಲೆ ಬಡಿದಾಗ ಅವನು ನೆಟ್ಟಗೆ ನಿಲ್ಲುವ ಜಾಗವನ್ನು ಕಂಡುಕೊಂಡಿದ್ದ. ಏಣಿಯ ಬುಡದಲ್ಲಿ, ಒಲೆಯ ಮುಂದೆ, ಮೇಲಿನ ಬಾಗಿಲು ತೆರೆದಿದ್ದರೆ ಮಾತ್ರ. ಅವನ ತಲೆಯಷ್ಟೇ ಮೇಲೆ ಬಂತು.

"ಭಾವ, ಬಿಲದಿಂದ ಹೆಗ್ಗಣ ಇಣುಕಿದ ಹಾಗಿದೆ," ಎಂದಳು ನಾದಿನಿ.

"ಹೆಗ್ಗಣಕ್ಕೆ ಇದಕ್ಕಿಂತ ದೊಡ್ಡ ಬಿಲ ಇರುತ್ತೆ ಮಹಾತಾಯಿ," ಎಂದು ಅವನು ಜೇಬಿನ ಟಿಪ್ಪಣಿ ಪುಸ್ತಕ ತೆಗೆದು ಓದಿದ. ಇಂಜಿನ್ ಕೋಣೆಯಲ್ಲಿ ದೋಷ ಬರೆದಿಡುತ್ತಿದ್ದ ಅದೇ ಧಾಟಿ. "ನೀರಿನ ಟ್ಯಾಂಕು ಎಂಬತ್ತೇ ಲೀಟರು. ಒಲೆ ಎರಡೇ ಉರಿ. ಮಲಗೋ ಜಾಗ ಹಲಗೆ ಅಗಲ. ಮುಂದೆ ಮೂತಿ ಕಡೆ ಕೋಣೆ ಪೂರಾ ಖಾಲಿ. ಹಾಸಿಗೆ ಇಲ್ಲ, ಕಪಾಟಿಲ್ಲ, ಏನೂ ಇಲ್ಲ."

"ಪಂದ್ಯದ ದೋಣಿ ಭಾವ. ಅಲ್ಲಿ ಹಾಯಿ ಚೀಲ ಎಸೀತಾರೆ, ಅದಕ್ಕೇ ಖಾಲಿ."

"ನಾವೇನು ಚೀಲಗಳಾ?"

ಮಧ್ಯಾಹ್ನ ಡುಮ್ಮಿಯ ಸರದಿ. ಡುಮ್ಮಿಯ ಕೀಲ್ ಹೊಟ್ಟೆಯ ಉದ್ದಕ್ಕೂ ಹರಿದಿತ್ತು. ಚುಕ್ಕಾಣಿ ಬಿಟ್ಟು ಕೈ ಕಟ್ಟಿ ಕೂತರೂ ಅವಳು ಹಿಡಿದ ದಾರಿ ಬಿಡಲಿಲ್ಲ. ಗಂಡ ಕೆಳಗಿಳಿದು, ನೆಟ್ಟಗೆ ನಿಂತು, ಮೂರು ಉರಿಯ ಒಲೆಯ ಮೇಲೆ ಟೀ ಕಾಸಿ, ಲೋಟ ತುಂಬ ಸುರಿದು ಮೇಜಿನ ಮೇಲಿಟ್ಟ. ಒಂದು ತೊಟ್ಟು ಚೆಲ್ಲಲಿಲ್ಲ. ನಾನೂರು ಲೀಟರಿನ ಟ್ಯಾಂಕು, ರೊಟ್ಟಿ ಸುಡುವ ಒಲೆ, ಮೂತಿಯ ಕೋಣೆಯ ತುಂಬ ಅಗಲವಾದ ಹಾಸಿಗೆ, ಅದರ ಎರಡು ಪಕ್ಕ ಕಪಾಟುಗಳು. ಅವನ ಮುಖ ಮದುವೆಯ ದಿನ ಇಷ್ಟು ಅರಳಿರಲಿಲ್ಲ.

ಆದರೆ ತಿರುಗು ಎಂದರೆ ಡುಮ್ಮಿ ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ಒಂದಷ್ಟು ಹೊತ್ತು ಯೋಚಿಸುತ್ತಿದ್ದಳು. ಅದೇ ಬುರುಡೆ ಸುತ್ತಿ ಬರಲು ಒಂದು ಗಂಟೆ ಎಂಟು ನಿಮಿಷ.

"ಭಾನುವಾರದ ಪಂದ್ಯಕ್ಕೆ ಇವಳನ್ನ ಶುಕ್ರವಾರಾನೇ ಹೊರಡಿಸ್ಬೇಕು," ಎಂದಳು ತಂಗಿ.

ಸೂಜಿಯಕ್ಕ ಈ ಜಗಳದಲ್ಲಿ ಸೇರಲಿಲ್ಲ. ಅವಳ ಕಣ್ಣು ಮೇಲೆ, ಡುಮ್ಮಿಯ ದೊಡ್ಡ ಹಾಯಿಯ ಮೇಲಿತ್ತು. ಎರಡಾಳು ಎತ್ತರದಲ್ಲಿ ಒಂದು ತೇಪೆ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚನ್ನು ಎರಡು ಸಲ ಓರೆಯಾಗಿ ಹೊಲಿದದ್ದು. ಬಂದರಿನಲ್ಲಿ ಹಾಗೆ ಹೊಲಿಯುವವರು ಒಬ್ಬರೇ.

"ನನ್ನ ಕೈ!" ಎಂದಳು. "ಈ ದೋಣಿ ಹಾಯಿ ಹನ್ನೆರಡು ವರ್ಷದಿಂದ ನನ್ನ ಹತ್ರಾನೇ ಬರ್ತಿತ್ತು. ಅದರ ಯಜಮಾನ್ರು ಹೆಗಲ ಮೇಲೆ ಹೊತ್ತು ತರೋರು. ನೋಡ್ರೀ, ಅಷ್ಟು ವರ್ಷ ಆದ್ರೂ ಒಂದು ನೂಲು ಎದ್ದಿಲ್ಲ!"

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೊಲಿದವಳಿಗೆ ತೇಪೆ ಮುದ್ದು. ಜೆಟ್ಟಿಗೆ ಬರುವಷ್ಟರಲ್ಲಿ ಅವಳ ತೀರ್ಮಾನ ಆಗಿಹೋಗಿತ್ತು. "ಇವಳೇ. ಗೊತ್ತಿರೋ ಮನೆ ಹುಡುಗಿ."

"ನಿನ್ನ ಯಂತ್ರ?" ಎಂದ ಗಂಡ, ತನಗೆ ಒಳ್ಳೆಯದಾದರೂ ನ್ಯಾಯ ಬಿಡದವನು. "ಊಟದ ಮೇಜು ನಾಲ್ಕಡಿ ಅಷ್ಟೇ. ಹೊತ್ತು ಹೊತ್ತಿಗೂ ಅದನ್ನ ಎತ್ತಿಡ್ಬೇಕಾಗುತ್ತೆ."

ಆ ಕಬ್ಬಿಣದ ಯಂತ್ರವನ್ನು ಎತ್ತಲು ಇಬ್ಬರು ಬೇಕು. "ಎತ್ತಿಟ್ರಾಯ್ತು ಬಿಡಿ," ಎಂದುಬಿಟ್ಟಳು ಸೂಜಿಯಕ್ಕ. ಆರಡಿಯ ಲೆಕ್ಕ ಹಿಡಿದು ಹೊರಟವಳು ದೋಣಿಗೆ ಮನಸೋತು ಕಾರಣ ಹುಡುಕುತ್ತಿದ್ದಳು.

ತಂಗಿ ಮುಖ ಗಂಟಿಕ್ಕಿಕೊಂಡು ಹಾಯಿ ಮಡಿಸಿದಳು. ಮಡಿಸಿ ಮುಗಿಸಿ ಹೇಳಿದಳು, "ಆಯ್ತು, ನಿನ್ನಿಷ್ಟ. ಆದ್ರೆ ಒಂದು ಮಾತು. ಬೇರೆ ಯಾರಾದ್ರೂ ಬಂದು ದೋಣಿ ಹೇಗಿದೆ ಅಂತ ಕೇಳಿದ್ರೆ ನೀನೇನು ಹೇಳ್ತೀಯ?"

"ಹಾಯಿ ತಂದು ನೆಲದ ಮೇಲೆ ಹಾಸಿ, ಆಮೇಲೆ ಹೇಳ್ತೀನಿ ಅಂತೀನಿ."

"ಮತ್ತೆ? ಊರಿಗೊಂದು ನ್ಯಾಯ, ನಿನಗೊಂದು ನ್ಯಾಯಾನಾ?"

ಅದು ಸೂಜಿಯಕ್ಕನ ಹಳೆಯ ಪದ್ಧತಿ. ಹಾಯಿಯನ್ನು ಪೂರ್ತಿ ಹಾಸಿ, ಚಪ್ಪಲಿ ಕಳಚಿಟ್ಟು, ಅದರ ಮೇಲೆ ನಡೆದು ನೋಡದೆ ಅವಳು ಯಾವ ದೋಣಿಯ ಬಗ್ಗೆಯೂ ಬಾಯಿ ಬಿಡುತ್ತಿರಲಿಲ್ಲ. ತಂಗಿಯ ಮಾತು ನಾಟಿತು. ಗುರುವಾರ ಎರಡು ದೋಣಿಗಳ ದೊಡ್ಡ ಹಾಯಿಗಳನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಅಂಗಡಿಗೆ ತಂದರು.

ಅಂಗಡಿಯ ನೆಲವೆಲ್ಲ ನುಣುಪಾದ ಮರದ ಹಲಗೆ. ಯಂತ್ರ ಕೂತಿದ್ದು ನೆಲದಲ್ಲೇ ಕೊರೆದ ಗುಂಡಿಯಲ್ಲಿ. ಹೊಲಿಯುವವಳು ಗುಂಡಿಯೊಳಗೆ ಕಾಲು ಬಿಟ್ಟು ಕೂರುತ್ತಾಳೆ, ಎಷ್ಟು ದೊಡ್ಡ ಹಾಯಿಯಾದರೂ ನೆಲದ ಮೇಲೆ ಜಾರಿಕೊಂಡು ಸೂಜಿಯಡಿಗೆ ಬರುತ್ತದೆ. ಮೊದಲು ಚುರುಕಿಯ ಹಾಯಿ ಹಾಸಿದರು. ಅದು ಬೇರೆ ಯಾವುದೋ ಬಂದರಿನವರು ಹೊಲಿದದ್ದು.

"ಅಯ್ಯೋ, ಕೋಳಿ ಕೆದರಿದ ಹಾಗಿದೆಯಲ್ಲೇ ಈ ಹೊಲಿಗೆ!" ಎಂದು ಸೂಜಿಯಕ್ಕ ಮನಸಾರೆ ನಕ್ಕಳು. ಬರಿಗಾಲಲ್ಲಿ ಅದರ ಮೇಲೆ ನಡೆದಳು. ಹಾಯಿಕಂಬದ ಎರಡು ಪಕ್ಕ ಚಾಚಿರುವ ಅಡ್ಡತೋಳುಗಳು ಉಜ್ಜುವ ಕಡೆ ಬಟ್ಟೆ ಸವೆದಿತ್ತು. ಶಾಲೆಯ ಅಂಗಿಯ ಎರಡು ಮೊಣಕೈ ಸವೆದ ಹಾಗೆ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. "ಓಡಾಡಿದ ದೋಣಿ. ನ್ಯಾಯವಾಗಿ ಸವೆದಿದೆ," ಎಂದಳು.

ಆಮೇಲೆ ಡುಮ್ಮಿಯದು. ತನ್ನದೇ ತೇಪೆಯ ಹತ್ತಿರ ಮಂಡಿಯೂರಿ ಕೂತಳು. ಒಂದಲ್ಲ, ಮೂರು. ಒಂದರ ಮೇಲೊಂದು, ಪ್ರತಿಯೊಂದೂ ಹಿಂದಿನದಕ್ಕಿಂತ ದೊಡ್ಡದು, ದಪ್ಪ. ಬೆರಳಲ್ಲಿ ಅಂಚು ಸವರಿದಳು. ಹಾಯಿಯ ಮಡಿಕೆ ಎತ್ತಿ ಇನ್ನೊಂದು ಮುಖ ನೋಡಿದಳು. ಮತ್ತೆ ಈ ಮುಖ, ಮತ್ತೆ ಆ ಮುಖ.

"ಏನಕ್ಕಾ?"

"ಎಡಗಡೆ ಏನೂ ಇಲ್ಲ ಕಣೇ."

"ಒಳ್ಳೇದೇ ಅಲ್ವಾ?"

"ಹೇಗೆ ಒಳ್ಳೇದು? ಗಾಳಿ ಬರೀ ಒಂದೇ ಕಡೆಯಿಂದ ಬೀಸಿತ್ತಾ ಹನ್ನೆರಡು ವರ್ಷ? ದೋಣಿ ಎರಡು ಕಡೆಗೂ ಓಡಿದೆ ಅಂದ್ರೆ ಎರಡು ಕಡೆಗೂ ಉಜ್ಜಬೇಕು. ಒಂದೇ ಕಡೆ ಮೂರು ಸಲ ಹರಿದಿದೆ ಅಂದ್ರೆ ಆ ಕಡೆ ತೋಳು ನೆಟ್ಟಗೆ ನಿಂತಿಲ್ಲ. ತೂಗಾಡ್ಕೊಂಡು ಬಟ್ಟೇನ ಗರಗಸದ ಹಾಗೆ ತಿಂದಿದೆ. ತೋಳು ಯಾಕೆ ತೂಗಾಡುತ್ತೆ? ಆ ಪಕ್ಕದಲ್ಲಿ ಕಂಬಾನ ಹಿಡಿದಿರೋ ಉಕ್ಕಿನ ತಂತಿ ಸಡಿಲ. ತಂತಿ ಯಾಕೆ ಸಡಿಲ?" ಅವಳು ಅಲ್ಲಿಗೆ ನಿಲ್ಲಿಸಿದಳು.

ಪಾಪ, ಆ ಯಜಮಾನರು ಹೆಗಲ ಮೇಲೆ ಹಾಯಿ ಹೊತ್ತು ಬಂದಾಗಲೆಲ್ಲ ಅವಳು 'ಮತ್ತೆ ಹರ್ಕೊಂಡ್ ಬಂದ್ರಾ? ಸ್ವಲ್ಪ ಜೋಪಾನವಾಗಿ ಓಡಿಸ್ಬಾರ್ದಾ?' ಎಂದು ಗದರಿದ್ದಳು. ಗದರಿ, ಹಿಂದಿಗಿಂತ ಗಟ್ಟಿಯಾದ ತೇಪೆ ಹಾಕಿ, ಬೆನ್ನು ತಟ್ಟಿ ಕಳಿಸಿದ್ದಳು. ಮೂರು ಸಲ. ಬಟ್ಟೆ ಬಾಯಿಬಿಟ್ಟು ಹೇಳುತ್ತಿದ್ದದ್ದನ್ನು ಇವಳು ಮೂರು ಸಲವೂ ಬಾಯಿ ಹೊಲಿದು ವಾಪಸು ಕೊಟ್ಟಿದ್ದಳು.

"ನಾನು ಬಣ್ಣದ ಮಾವನಿಗೆ ನಗ್ತೀನಿ," ಎಂದಳು ಎದ್ದು ನಿಂತು. "ಅವನು ಬಣ್ಣ ಬಳೀತಾನೆ, ನಾನು ತೇಪೆ ಹಾಕ್ತೀನಿ. ಇಬ್ರೂ ಒಂದೇ ಅಂಗಡಿಯೋರು. ನಡಿ, ನಿನ್ನ ಭಾವನ್ನ ಕರಿ. ಸ್ಕ್ರೂಡ್ರೈವರ್ ತರೋಕೆ ಹೇಳು."

ಡುಮ್ಮಿಯ ಮೇಲೆ ಹತ್ತಿ ಗಂಡ ಎಡಗಡೆಯ ತಂತಿಯನ್ನು ಹಿಡಿದು ಜಗ್ಗಿದ. ವೀಣೆಯ ತಂತಿಯಂತೆ ಬಿಗಿಯಾಗಿ ಮಿಡಿಯಿತು. ಬಲಗಡೆಯದನ್ನು ಜಗ್ಗಿದ. "ಒಗೆದ ಬಟ್ಟೆ ಒಣ ಹಾಕ್ಬಹುದು," ಎಂದ. ನಿನ್ನೆ ಟೀ ಕುಡಿಯುವ ಸಂಭ್ರಮದಲ್ಲಿ ಇದನ್ನು ಮುಟ್ಟಿ ನೋಡಿರಲಿಲ್ಲವಲ್ಲ ಎಂದು ಅವನಿಗೂ ನಾಚಿಕೆ.

ಆ ತಂತಿಯನ್ನು ಹಿಡಿದಿಟ್ಟ ಉಕ್ಕಿನ ಪಟ್ಟಿ ದೋಣಿಯ ಮೇಲುಹಾಸನ್ನು ತೂರಿ ಒಳಗಿಳಿದು, ಬಲಗಡೆಯ ಬಟ್ಟೆ ಕಪಾಟಿನ ಹಿಂದೆ ಮರದ ಅಡ್ಡಗೋಡೆಗೆ ಬೋಲ್ಟಾಗಿತ್ತು. ಗೋಡೆ ಹಾಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು.

"ಮೊನ್ನೆ ತಾನೇ ಹೊಡೆದ ಬಣ್ಣ, ಗೀರ್ಬೇಡಿ," ಎಂದು ಬಣ್ಣದ ಮಾವ ಏಣಿಯ ಮೇಲಿನಿಂದಲೇ ಕೂಗಿದ.

ಗಂಡ ಗೀರಲಿಲ್ಲ, ಒತ್ತಿದ. ಸ್ಕ್ರೂಡ್ರೈವರ್ ಟೀಯಲ್ಲಿ ನೆನೆದ ರಸ್ಕಿಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಹೊರಗೆಳೆದಾಗ ತುದಿಯಲ್ಲಿ ಕಪ್ಪು ಪುಡಿ ಒದ್ದೆಯಾಗಿ ಮೆತ್ತಿಕೊಂಡಿತ್ತು. ಪಟ್ಟಿಯ ಪಕ್ಕದಿಂದ ವರ್ಷಗಟ್ಟಲೆ ಮಳೆನೀರು ಜಿನುಗಿ ಮರ ಕೊಳೆತುಹೋಗಿತ್ತು.

ಬಣ್ಣದ ಮಾವ ಕೆಳಗಿಳಿದು ಬಂದು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಸತ್ಯವಾಗ್ಲೂ ನಂಗೆ ಗೊತ್ತಿರ್ಲಿಲ್ಲ ಅಕ್ಕಾ. ಕಲೆ ಕಾಣ್ತು, ಚೆನ್ನಾಗಿರ್ಲಿ ಅಂತ ಎರಡು ಕೈ ಹೊಡೆದೆ."

"ಮೇಲೆ ಥಳಕು ಒಳಗೆ ಹುಳುಕು ಅಂತ ಬೈಯೋಣ ಅಂದ್ರೆ ನಂಗೂ ಬಾಯಿಲ್ಲ ಮಾವ. ನಿಂದು ಎರಡು ಕೈ, ನಂದು ಮೂರು ತೇಪೆ," ಎಂದಳು ಸೂಜಿಯಕ್ಕ.

"ಜೋರು ಗಾಳಿಗೆ ಈ ಗೋಡೆ ಬಿಟ್ಕೊಂಡ್ರೆ ಕಂಬಾನೇ ಬೀಳುತ್ತೆ," ಎಂದ ಗಂಡ. ಅವನು ಒಲೆಯ ಕಡೆ, ಮೇಜಿನ ಕಡೆ ಒಮ್ಮೆ ನೋಡಿದ. "ಸರಿ ಮಾಡ್ಬಹುದು. ಕಂಬ ಇಳಿಸ್ಬೇಕು, ಗೋಡೆ ಕೀಳ್ಬೇಕು, ಹೊಸ ಮರ ಕೂರಿಸಿ ಸುತ್ತ ಫೈಬರ್ ಕಟ್ಬೇಕು. ಮೂರು ತಿಂಗಳ ಕೆಲಸ."

ಅವರ ಕೈಯಲ್ಲಿದ್ದದ್ದು ಮೂರು ವಾರ. ಮೂರು ವಾರದ ಮೇಲೆ ತಲೆಯ ಮೇಲೆ ಸೂರಿಲ್ಲ, ಯಂತ್ರಕ್ಕೆ ನೆಲವಿಲ್ಲ. ಹೊಲಿಗೆ ನಿಂತರೆ ಸೂಜಿಯಕ್ಕ ಬರೀ ಅಕ್ಕನಾಗಿ ಉಳಿಯುತ್ತಿದ್ದಳು.

ಅವಳು ಕೊರಳಿನಲ್ಲಿ ಯಾವಾಗಲೂ ನೇತಾಡುವ ಅಳತೆಯ ಟೇಪನ್ನು ಸರಕ್ಕನೆ ಎಳೆದುಕೊಂಡು ಏಣಿ ಹತ್ತಿದಳು. ಡುಮ್ಮಿಯಿಂದ ಚುರುಕಿಗೆ ಒಂದೇ ಹೆಜ್ಜೆ. ಬಗ್ಗಿಕೊಂಡು ಮೂತಿಯ ಕೋಣೆಗೆ ನಡೆದಳು. ಗಂಡ ಪುಸ್ತಕದಲ್ಲಿ ದೋಷವೆಂದು ಬರೆದಿದ್ದ ಕೋಣೆ. ಹಾಸಿಗೆ ಇಲ್ಲ, ಕಪಾಟಿಲ್ಲ, ಏನೂ ಇಲ್ಲ. ಹಾಯಿ ಚೀಲ ಎಸೆಯಲೆಂದು ಎರಡು ಪಕ್ಕಕ್ಕೂ ಕಟ್ಟಿದ ಉದ್ದನೆಯ ಬರಿಯ ಕಟ್ಟೆ, ನಡುವೆ ಕಾಲಿಡಲು ಇಳಿಜಾಗ. ತಲೆಯ ಮೇಲೆ ಹಾಯಿ ಎತ್ತಿ ಇಳಿಸಲು ಚೌಕನೆಯ ಬಾಗಿಲು. ಇಳಿಜಾಗದಲ್ಲಿ ಕಾಲು ಬಿಟ್ಟು ಕಟ್ಟೆಯ ಮೇಲೆ ಕೂತಳು. ಮೂವತ್ತು ವರ್ಷದಿಂದ ಅಂಗಡಿಯ ಗುಂಡಿಯಲ್ಲಿ ಕೂರುತ್ತಿದ್ದ ಹಾಗೆಯೇ ಮಂಡಿ ಮಡಿಚಿತು, ಮೊಣಕೈ ಅದೇ ಎತ್ತರಕ್ಕೆ ಬಂತು.

ಟೇಪು ಹಿಡಿದಳು. ಆರಡಿ ಎಂಟಂಗುಲ.

"ರೀ!" ಎಂದು ಕೂಗಿದ ಸದ್ದಿಗೆ ಜೆಟ್ಟಿಯ ಮೇಲಿದ್ದ ಬೆಕ್ಕು ಓಡಿಹೋಯಿತು. "ಬನ್ರೀ ಇಲ್ಲಿ! ಈ ದೋಣೀನೂ ಎಲ್ಲಾ ಕಡೆ ಚುಚ್ಚಿ ನೋಡಿ. ಒಂದು ಗೋಡೆ ಬಿಡ್ಬೇಡಿ!"

ಗಂಡ ಶುಕ್ರವಾರವೆಲ್ಲ ಚುಚ್ಚಿದ. ಕೈಬಿಟ್ಟುಹೋದ ಡುಮ್ಮಿಯ ಸಿಟ್ಟನ್ನೆಲ್ಲ ಚುರುಕಿಯ ಮೇಲೆ ತೀರಿಸಿಕೊಳ್ಳುವವನ ಹಾಗೆ ಮೂಲೆ ಮೂಲೆಗೂ ಸ್ಕ್ರೂಡ್ರೈವರ್ ಒತ್ತಿದ, ಮರದ ಸುತ್ತಿಗೆಯಿಂದ ಮೇಲುಹಾಸನ್ನು ಅಂಗುಲ ಅಂಗುಲ ತಟ್ಟಿದ. ಗಟ್ಟಿ ಇದ್ದಲ್ಲಿ ಟಕ್ ಟಕ್, ಲಂಗರಿನ ಹತ್ತಿರ ಅಂಗೈಯಗಲ ಒಂದು ಕಡೆ ಮಾತ್ರ ಬೊದ್ ಎಂದಿತು. "ಇದು ನನ್ನ ಒಂದು ವಾರದ ಕೆಲಸ. ಉಳಿದದ್ದು ಕಲ್ಲು," ಎಂದು ಬರೆದುಕೊಂಡ. ಬರೆದ ಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಕೇಳಿದ: "ನಿನಗೆ ಆರಡಿ ಸಿಕ್ತು. ನಿನ್ನ ತಂಗಿಗೆ ಓಟ ಸಿಕ್ತು. ನಂಗೇನೇ?"

"ನೀವು ನೆಟ್ಟಗೆ ನಿಲ್ಲೋ ಜಾಗ ಒಂದಿದೆಯಲ್ರೀ."

"ಒಲೆ ಮುಂದೆ!"

"ಹೂಂ ಮತ್ತೆ."

ಅವನು ಒಂದಷ್ಟು ಹೊತ್ತು ಲೆಕ್ಕ ಹಾಕಿದ. "ಅಂದ್ರೆ ಅಡುಗೆ ಇನ್ಮೇಲೆ ನಂದು ಅಂತಾಯ್ತು."

"ಭಾವ, ದೋಣೀನೇ ಹೇಳ್ತಿದೆ, ನಾವಲ್ಲ," ಎಂದಳು ನಾದಿನಿ.

ಅವನೂ ಬಿಡಲಿಲ್ಲ, ಷರತ್ತು ಹಾಕಿದ. ಕಟ್ಟೆಯ ಕೆಳಗೆ ನೀರಿನ ಕ್ಯಾನುಗಳಿಗೆ ಜಾಗ ಬೇಕು. ಪಂದ್ಯಗಳು ಮುಗಿದ ಕೂಡಲೇ ಎರಡು ತಿಂಗಳು ದಕ್ಷಿಣಕ್ಕೆ, ನಿಧಾನವಾಗಿ, ದಡ ಹಿಡಿದುಕೊಂಡು. ಆ ಎರಡು ತಿಂಗಳು ಯಾರೂ ಯಾರಿಗೂ ಬೈಯುವಂತಿಲ್ಲ. "ಟೀ ಚೆಲ್ಲುತ್ತೆ, ಅದು ಗೊತ್ತಿದೆ ನಂಗೆ. ಅರ್ಧ ಲೋಟ ಕುಡೀತೀನಿ," ಎಂದ. ಆ ಮಾತಿನಲ್ಲಿ ಡುಮ್ಮಿಯ ನೆನಪು ಇತ್ತು. ಸೂಜಿಯಕ್ಕ ಅದನ್ನು ಕೇಳಿಸಿಕೊಂಡಳು, ಸಮಾಧಾನ ಹೇಳಲು ಹೋಗಲಿಲ್ಲ. ಅರ್ಧ ಲೋಟಕ್ಕೆ ಒಪ್ಪಿದ ಗಂಡಸಿಗೆ ಉಪದೇಶ ಬೇಕಿಲ್ಲ.

ಶನಿವಾರ ಬೆಳಿಗ್ಗೆ ಬಣ್ಣದ ಮಾವ ಡುಮ್ಮಿಯ ಬಟ್ಟೆ ಕಪಾಟಿನ ಬಾಗಿಲನ್ನೇ ಕಳಚಿಟ್ಟಿದ್ದ. ನೋಡಲು ಬರುವವರಿಗೆ ಮೊದಲು ಕೊಳೆತ ಗೋಡೆ ಕಾಣಲಿ ಎಂದು. "ಸರಿ ಮಾಡಿಸಿಯೇ ಕೊಡ್ತೀನಿ ಅಕ್ಕಾ. ಬಣ್ಣ ಈ ಸಲ ಕೊನೇಲಿ."

"ಬೋಲ್ಟು ಬಿಗಿಯಾದ ಮೇಲೆ ಹಾಯಿ ನನ್ನ ಹತ್ರ ಕಳ್ಸು. ಆ ಮೂರನ್ನೂ ಬಿಚ್ಚಿ ಒಂದೇ ತೇಪೆ ಹಾಕಿಕೊಡ್ತೀನಿ," ಎಂದಳು ಅವಳು.

ಎರಡು ವಾರ ಕಳೆದು ಯಂತ್ರ ಹೊರಟಿತು. ಕೈಗಾಡಿಯಲ್ಲಿ ಜೆಟ್ಟಿಯವರೆಗೆ, ಅಲ್ಲಿಂದ ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ ಮೇಲಕ್ಕೆ. ಕಪ್ಪು ಕಬ್ಬಿಣದ ಯಂತ್ರ ಚುರುಕಿಯ ಕಂಬದ ಪಕ್ಕದಲ್ಲಿ ಗಾಳಿಯಲ್ಲಿ ನಿಧಾನ ತಿರುಗುತ್ತ ನೇತಾಡಿತು. ತಂಗಿ ಹಗ್ಗದ ತುದಿ ಹಿಡಿದಿದ್ದಳು. "ಇಳಿಸು! ಇನ್ನೂ ಇಳಿಸು! ಭಾವ, ತಲೆ ಬಗ್ಸಿ! ಎಡಕ್ಕೆ, ಎಡಕ್ಕೆ ಅಂದೆ!" ಇಪ್ಪತ್ತು ವರ್ಷ ಕಾದ ಬೈಗುಳವೆಲ್ಲ ಒಂದೇ ಗಂಟೆಯಲ್ಲಿ ಹೊರಬಂತು. ಚೌಕದ ಬಾಗಿಲಲ್ಲಿ ಯಂತ್ರ ಇಳಿಯುವಾಗ ಎರಡು ಪಕ್ಕಕ್ಕೂ ಉಳಿದದ್ದು ಎರಡೆರಡೇ ಬೆರಳು. ಸೂಜಿಯಕ್ಕ ಅದನ್ನು ಮೊದಲೇ ನಾಲ್ಕು ಸಲ ಅಳೆದಿದ್ದಳು, ಆದ್ದರಿಂದ ಅವಳ ಮುಖದಲ್ಲಿ ಬೆವರಿರಲಿಲ್ಲ.

ಕಟ್ಟೆಗೆ ಬೋಲ್ಟು ಬಿಗಿದು, ಅವಳು ಕಾಲು ಬಿಟ್ಟು ಕೂತು ನೂಲು ಪೋಣಿಸಿದಳು. ಮೊದಲ ಹೊಲಿಗೆ ಯಾರ ಹಾಯಿಯದ್ದೂ ಅಲ್ಲ. ಹಳೆಯ ಹಾಯಿಬಟ್ಟೆಯೊಳಗೆ ಸ್ಪಂಜು ತುಂಬಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಎರಡು ಸಲ ಓರೆಯಾಗಿ ಹೊಲಿದ ಮೆತ್ತೆ. ಅದನ್ನು ಗಂಡನ ತಲೆ ನಾಲ್ಕು ಸಲ ಬಡಿದಿದ್ದ ತೊಲೆಗೆ ತಾನೇ ಹೋಗಿ ಅಂಟಿಸಿ ಬಂದಳು.

ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಢಣ್ ಎಂದಿತು.

"ಮೆತ್ತೆ ಹಾಕಿದ್ದೀನಲ್ರೀ!"

"ಅದಲ್ವೇ. ಇದು ಅದರ ಪಕ್ಕದ್ದು."

ಸೂಜಿಯಕ್ಕ ಇನ್ನೊಂದು ತುಂಡು ಬಟ್ಟೆಗೆ ಕೈ ಚಾಚಿದಳು. ಕತ್ತರಿ ಹಿಡಿದವಳು ಒಂದು ಕ್ಷಣ ತಡೆದು, ಟೇಪು ಎಳೆದುಕೊಂಡು ಎದ್ದಳು.

"ತಡೀರಿ. ಮೊದಲು ಅಲ್ಲಿ ಯಾಕೆ ಬಡೀತು ಅಂತ ನೋಡ್ತೀನಿ."